ಸಿರಾ ಸೀಮೆಯ ಎರಡು ಚಳಿಗಾಲಗಳು

ವಿಜಯದಶಮಿಯ ದಿನ ಬನ್ನಿಯ ಮರಕ್ಕೆ ಪೂಜೆ ಸಲ್ಲಿಸಿ, ಊರ ಗಡಿಯನ್ನು ದಾಟಿ ಬರುವ ಸಂಪ್ರದಾಯ ನಮ್ಮ ನಾಡಿನಲ್ಲಿ ಬಹು ಹಳೆಯದು. ಸೀಮೋಲ್ಲಂಘನವೆಂದು ಕರೆಯಲ್ಪಡುವ ಈ ಆಚಾರ ಇಂದು ಹಬ್ಬದ ಒಂದು ಅಂಗ ಮಾತ್ರ. ಆದರೆ ರಾಜರುಗಳ ಕಾಲದಲ್ಲಿ ಅದಕ್ಕೆ ಕೇವಲ ಸಾಂಕೇತಿಕವಲ್ಲದ ಅರ್ಥವಿತ್ತು. ಮಳೆಗಾಲ ಕಳೆದು, ಹೊಳೆಗಳ ನೀರು ಇಳಿದು, ದಾರಿಗಳು ಒಣಗಿದೊಡನೆ ಸೈನ್ಯಗಳು ಹೊರಡುತ್ತಿದ್ದವು. ಕಾರ್ತಿಕ, ಮಾರ್ಗಶಿರ ಮಾಸಗಳಲ್ಲಿ ರೈತನು ರಾಗಿಯನ್ನು ಕೊಯ್ದು ಕಣಕ್ಕೆ ತರುವ ಹೊತ್ತಿಗೆ ಸರಿಯಾಗಿ, ಅದೇ ರಾಗಿಯನ್ನೂ ಅದೇ ಹುಲ್ಲನ್ನೂ ಅದೇ ಹುರುಳಿಯನ್ನೂ ಹುಡುಕಿಕೊಂಡು ದಂಡುಗಳು ಬರುತ್ತಿದ್ದವು. ಬೆಳೆಯ ಋತುವೇ ಬೇಟೆಯ ಋತುವಾಗಿತ್ತು.

ಇದರ ಕಹಿಯನ್ನು ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳ ಸೀಮೆ ಉಂಡಷ್ಟು ಕರ್ನಾಟಕದ ಇತರ ಸೀಮೆಗಳು ಉಂಡದ್ದು ವಿರಳ. ಈ ಸೀಮೆಯ ಇತಿಹಾಸದಲ್ಲಿ ಎರಡು ಚಳಿಗಾಲಗಳು ವಿಶೇಷವಾಗಿ ನೆನಪಿನಲ್ಲಿ ಉಳಿಯತಕ್ಕವು. ಮೊದಲನೆಯದು 1695ರದು, ಮೊಗಲ್ ಚಕ್ರವರ್ತಿಯ ಸುಬೇದಾರನೊಬ್ಬನು ಹಸಿವೆಯಿಂದ ಸೋತ ಕಾಲ. ಎರಡನೆಯದು 1767ರದು, ಹೈದರಾಲಿಯು ಆ ಹಸಿವೆಯನ್ನೇ ಆಯುಧವಾಗಿ ಹಿಡಿದು ಶತ್ರುವನ್ನು ತಡೆಯಲೆತ್ನಿಸಿದ ಕಾಲ. ಎರಡರ ನಡುವೆ ಎಪ್ಪತ್ತೆರಡು ವರ್ಷಗಳ ಅಂತರವಿದೆ. ಆದರೆ ಎರಡರಲ್ಲಿಯೂ ಸೋಲು ಗೆಲುವುಗಳನ್ನು ನಿರ್ಣಯಿಸಿದವು ಕತ್ತಿ ಬಂದೂಕಗಳಿಗಿಂತ ಹೆಚ್ಚಾಗಿ ಕೆರೆಯ ನೀರು, ಕಣಜದ ಕಾಳು, ಬಣವೆಯ ಹುಲ್ಲು.

ಬಂಡೆಗಳ ನಾಡು

ಈ ಸೀಮೆಯನ್ನು ನೋಡಿದವರಿಗೆ ಅದರ ಯುದ್ಧಗಳ ರೀತಿ ತಾನಾಗಿಯೇ ತಿಳಿಯುತ್ತದೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ ಮಧುಗಿರಿಗಳ ಮಾರ್ಗವಾಗಿ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಹೆಸರಿಗೆ ನದಿಯಾದರೂ ವರ್ಷದ ಹೆಚ್ಚು ಭಾಗ ಅದರ ಮರಳಿನಲ್ಲಿ ಗುಂಡಿ ತೋಡಿಯೇ ನೀರು ಕಾಣಬೇಕು. ಮಳೆ ಕಡಿಮೆ, ಪಾವಗಡದ ಕಡೆಗೆ ಹೋದಂತೆ ಇನ್ನೂ ಕಡಿಮೆ. ಆದುದರಿಂದ ಹಿಂದಿನವರು ಹಳ್ಳ ಕಂಡಲ್ಲೆಲ್ಲ ಏರಿ ಕಟ್ಟಿ ಕೆರೆಗಳನ್ನು ಮಾಡಿದರು. ಕೆರೆಯಿದ್ದರೆ ಊರು, ಕೆರೆ ಒಡೆದರೆ ಬಯಲು, ಇದೇ ಇಲ್ಲಿನ ಬಾಳಿನ ಸೂತ್ರ.

ಬಯಲಿನ ನಡುವೆ ಎದ್ದು ನಿಂತ ಬಂಡೆಗಳು ಈ ನಾಡಿನ ಇನ್ನೊಂದು ಲಕ್ಷಣ. ಮಧುಗಿರಿ, ಮಿಡಿಗೇಶಿ, ಚನ್ನರಾಯನದುರ್ಗ, ಪಾವಗಡ, ನಿಡಗಲ್ಲು, ಹೀಗೆ ಒಂದೊಂದು ಬಂಡೆಯ ಮೇಲೂ ಒಂದೊಂದು ಕೋಟೆ. ಒಂದೊಂದು ಕೋಟೆಗೂ ಒಬ್ಬ ಪಾಳೆಯಗಾರ. ಇವುಗಳಲ್ಲಿ ಮಧುಗಿರಿಯ ಬೆಟ್ಟ ಅತಿ ಭವ್ಯವಾದುದು. ಸಮುದ್ರಮಟ್ಟದಿಂದ ಸುಮಾರು 1,190 ಮೀಟರ್ ಎತ್ತರಕ್ಕೆ ಏರಿರುವ ಈ ಏಕಶಿಲೆಯ ಮೈಯಲ್ಲಿ ಮೆಟ್ಟಿಲು ಕಡಿಯಲೂ ಎಡೆಯಿಲ್ಲದಂತಹ ಜಾರುಬಂಡೆಗಳಿವೆ. ಮದ್ದಗಿರಿಯೆಂಬುದು ಇದರ ಹಳೆಯ ಹೆಸರು. ಇಲ್ಲಿ ಆಳುತ್ತಿದ್ದ ಗೌಡ ಮನೆತನದ ರಾಮಗೌಡ, ತಿಮ್ಮಗೌಡರಿಂದ ಮೈಸೂರಿನವರು 1678ರಲ್ಲಿ ಈ ದುರ್ಗವನ್ನು ಗೆದ್ದುಕೊಂಡರು.

ಸಿರಾ ಮಾತ್ರ ಬೆಟ್ಟದ ಊರಲ್ಲ; ಅದು ಬಯಲಿನ ಪಟ್ಟಣ. ರತ್ನಗಿರಿಯ ಕಸ್ತೂರಿ ರಂಗಪ್ಪನಾಯಕನು ಅಲ್ಲಿ ಕೋಟೆಯನ್ನು ಕಟ್ಟಲಾರಂಭಿಸಿದನು. ಅದು ಪೂರ್ಣವಾಗುವ ಮೊದಲೇ, 1638ರಲ್ಲಿ, ಬಿಜಾಪುರದ ಸೇನಾಪತಿ ರಣದುಲ್ಲಾಖಾನನು ಅದನ್ನು ವಶಪಡಿಸಿಕೊಂಡನು. ಬಿಜಾಪುರದ ಅಧಿಕಾರಿಗಳು ಕೋಟೆಯನ್ನು ಪೂರ್ತಿ ಮಾಡಿದರು. 1687ರಲ್ಲಿ ಮೊಗಲರು ಬಂದರು. ಔರಂಗಜೇಬನ ಸರದಾರನಾದ ಖಾಸಿಂಖಾನನು ಬೆಂಗಳೂರನ್ನು ಹಿಡಿದು, ಅದನ್ನು ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಮೂರು ಲಕ್ಷ ರೂಪಾಯಿಗಳಿಗೆ ಒಪ್ಪಿಸಿದ ಪ್ರಸಂಗ ಪ್ರಸಿದ್ಧವಾದುದು. ಆ ಖಾಸಿಂಖಾನನೇ ಸಿರಾವನ್ನು ಹೊಸ ಸುಬಾದ ರಾಜಧಾನಿಯನ್ನಾಗಿ ಮಾಡಿಕೊಂಡನು. ಬಸವಾಪಟ್ಟಣ, ಬೂದಿಹಾಳು, ಸಿರಾ, ಪೆನುಕೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ, ಈ ಏಳು ಪರಗಣಗಳು ಅವನ ಅಂಕಿತಕ್ಕೆ ಸೇರಿದವು. ಸುತ್ತಣ ಪಾಳೆಯಗಾರರು ಅವನಿಗೆ ಪೊಗದಿ ತೆರಬೇಕಾಯಿತು. ದಿಲ್ಲಿಯ ಹೆಸರಿನಲ್ಲಿ ಆಳುವ ಒಂದು ಪುಟ್ಟ ದರ್ಬಾರು ಹೀಗೆ ರಾಗಿಯ ಹೊಲಗಳ ನಡುವೆ ನೆಲೆಗೊಂಡಿತು.

ದೊಡ್ಡೇರಿಯ ಹಸಿವೆ

1695ನೆಯ ಇಸವಿ ನವೆಂಬರ್ ತಿಂಗಳು. ಮರಾಠರ ಸೇನಾನಾಯಕ ಸಂತಾಜಿ ಘೋರ್ಪಡೆಯು ಉತ್ತರದಲ್ಲಿ ಕೊಳ್ಳೆ ಹೊಡೆದ ಧನರಾಶಿಯೊಡನೆ ಕರ್ನಾಟಕದ ಕಡೆಗೆ ಇಳಿದು ಬರುತ್ತಿದ್ದನು. ಅವನನ್ನು ಅಡ್ಡಗಟ್ಟುವಂತೆ ಖಾಸಿಂಖಾನನಿಗೆ ಚಕ್ರವರ್ತಿಯ ಅಪ್ಪಣೆಯಾಯಿತು. ಸಹಾಯಕ್ಕಾಗಿ ಖಾನಾಜಾದ್‌ಖಾನನೇ ಮೊದಲಾದ ಉನ್ನತ ಸರದಾರರನ್ನು ಚಕ್ರವರ್ತಿಯು ತನ್ನ ಪಾಳೆಯದಿಂದಲೇ ಕಳುಹಿಸಿಕೊಟ್ಟನು.

ಇಂತಹ ಅತಿಥಿಗಳು ಬಂದಾಗ ಆತಿಥ್ಯದಲ್ಲಿ ಕೊರತೆಯಾಗಬಾರದೆಂದು ಖಾಸಿಂಖಾನನು ಎಣಿಸಿದನು. ಚಿನ್ನ ಬೆಳ್ಳಿಯ ಪಾತ್ರೆಗಳು, ಚೀಣಾ ಪಿಂಗಾಣಿಗಳು, ಬೆಲೆಬಾಳುವ ಡೇರೆಗಳು ಹೊರಬಂದವು. ಮರುದಿನದ ಬಿಡಾರಕ್ಕಾಗಿ ಅವುಗಳನ್ನೆಲ್ಲ ಕೆಲವು ಮೈಲಿ ಮುಂದಕ್ಕೆ ಸಾಗಿಸಲಾಯಿತು. ಸಂತಾಜಿಗೆ ಬೇಕಾಗಿದ್ದುದು ಇಂತಹ ಒಂದು ಅವಕಾಶವೇ. ಅವನು ತನ್ನ ದಂಡನ್ನು ಮೂರು ಭಾಗ ಮಾಡಿದನು. ಒಂದು ಭಾಗ ಮುಂದೆ ಹೋಗಿದ್ದ ಡೇರೆಗಳ ಮೇಲೆ ಬಿದ್ದಿತು. ಅದನ್ನು ರಕ್ಷಿಸಲು ಧಾವಿಸಿದ ಮೊಗಲರನ್ನು ಎರಡನೆಯ ಭಾಗ ದಾರಿಯಲ್ಲಿ ತಡೆಯಿತು. ಮೊಗಲರು ಅಲ್ಲಿ ಹೋರಾಡುತ್ತಿರುವಾಗ ಮೂರನೆಯ ಭಾಗ ಅವರ ಹಿಂದಿನ ಪಾಳೆಯವನ್ನೇ ಸೂರೆಮಾಡಿತು. ಡೇರೆ, ದವಸ, ಮದ್ದುಗುಂಡು ಎಲ್ಲವೂ ಒಂದೇ ದಿನದಲ್ಲಿ ಕೈಬಿಟ್ಟುಹೋದವು.

ಸಂತಾಜಿಯ ಬೆಂಬಲಕ್ಕೆ ಚಿತ್ರದುರ್ಗದ ಭರಮಪ್ಪನಾಯಕನಿದ್ದನು. ಅವನ ಬೇಡರ ಪಡೆಯ ಕರಿಯ ಕಾಲಾಳುಗಳು ಬಂದೂಕದ ಗುರಿಯಲ್ಲಿ ನಿಸ್ಸೀಮರು. ಮೊಗಲರ ಚರಿತ್ರಕಾರರೂ ಇವರ ಗುರಿಗಾರಿಕೆಯನ್ನು ಭಯದಿಂದಲೇ ಸ್ಮರಿಸಿದ್ದಾರೆ. ಬಯಲಿನಲ್ಲಿ ನಿಲ್ಲಲಾರದೆ ಖಾಸಿಂಖಾನನೂ ಅವನ ಅತಿಥಿಗಳೂ ಹತ್ತಿರದಲ್ಲಿದ್ದ ದೊಡ್ಡೇರಿಯ ಕಡೆಗೆ ಸರಿದರು. ಇಂದಿನ ಚಳ್ಳಕೆರೆ ತಾಲ್ಲೂಕಿನಲ್ಲಿ, ಸಿರಾದಿಂದ ಉತ್ತರ ದಿಕ್ಕಿಗಿರುವ ಊರು ಅದು. ಅಲ್ಲಿ ಒಂದು ಕೆರೆಯೂ ಒಂದು ಕಿರುಕೋಟೆಯೂ ಇದ್ದವು. ಕೆಲವು ದಿನ ಕೆರೆಯ ದಡದಲ್ಲಿಯೇ ಹೋರಾಟ ನಡೆಯಿತು. ಕೊನೆಗೆ ಸರದಾರರು ಕೋಟೆಯೊಳಕ್ಕೆ ಹೊಕ್ಕರು.

ಆದರೆ ಅದು ಸಾವಿರಾರು ಜನರಿಗೆ ಅನ್ನವಿಡಬಲ್ಲ ಕೋಟೆಯಾಗಿರಲಿಲ್ಲ. ಉಗ್ರಾಣದಲ್ಲಿದ್ದ ಜೋಳ ಸಜ್ಜೆಗಳು ಬಹು ಬೇಗ ಮುಗಿದುಹೋದವು. ಮನೆಗಳ ಮೇಲೆ ಹೊದಿಸಿದ್ದ ಹುಲ್ಲನ್ನು ಕಿತ್ತು ಕುದುರೆಗಳಿಗೂ ಎತ್ತುಗಳಿಗೂ ಹಾಕಿದರು. ಅದೂ ತೀರಿತು. ಬೆಳ್ಳಿಯ ತಟ್ಟೆಯಲ್ಲಿ ಔತಣ ನಡೆಸಲು ಹೊರಟಿದ್ದವರು ಹಿಡಿ ಹಿಟ್ಟಿಗಾಗಿ ಬಾಯಿಬಿಡುವಂತಾಯಿತು. ಈ ದುಃಸ್ಥಿತಿಯಲ್ಲಿ ಖಾಸಿಂಖಾನನು ಕೋಟೆಯೊಳಗೇ ಮರಣಹೊಂದಿದನು. ಅಫೀಮಿನ ಚಟಕ್ಕೆ ಒಳಗಾಗಿದ್ದ ಅವನು ಅದು ದೊರೆಯದೆ ಸತ್ತನೆಂದು ಕೆಲವರೂ, ಅವಮಾನವನ್ನು ತಾಳಲಾರದೆ ವಿಷ ಸೇವಿಸಿದನೆಂದು ಮತ್ತೆ ಕೆಲವರೂ ಹೇಳಿದರು. ಹೇಗೆಯೇ ಆಗಲಿ, ಸಿರಾದ ಸುಬೇದಾರಿಯನ್ನು ಸ್ಥಾಪಿಸಿದ ಪುರುಷನ ಅಂತ್ಯ ಹೀಗಾಯಿತು.

ಉಳಿದವರ ಪರವಾಗಿ ಖಾನಾಜಾದ್‌ಖಾನನು ಸಂಧಿಗೆ ಒಪ್ಪಿದನು. ಇಪ್ಪತ್ತು ಲಕ್ಷ ರೂಪಾಯಿಗಳ ಬಿಡುಗಡೆಯ ಹಣ. ಅದಲ್ಲದೆ ಆನೆ, ಕುದುರೆ, ಒಡವೆ ವಸ್ತುಗಳೆಲ್ಲ ಗೆದ್ದವರ ಪಾಲು. ಸಂತಾಜಿಯು ಮಾತಿಗೆ ತಪ್ಪಲಿಲ್ಲ. ಕೋಟೆಯಿಂದ ಹೊರಬಂದ ಪ್ರತಿಯೊಬ್ಬನಿಗೂ ಬಾಗಿಲಲ್ಲಿಯೇ ರೊಟ್ಟಿಯನ್ನೂ ನೀರನ್ನೂ ಕೊಡಿಸಿ, ಅವರನ್ನು ಕಾವಲಿನೊಡನೆ ಕಳುಹಿಸಿಕೊಟ್ಟನು. ಎರಡೇ ತಿಂಗಳ ಮೇಲೆ, 1696ರ ಜನವರಿಯಲ್ಲಿ, ಬಸವಾಪಟ್ಟಣದ ಬಳಿ ಹಿಮ್ಮತ್‌ಖಾನನೆಂಬ ಮತ್ತೊಬ್ಬ ಮೊಗಲ್ ಸರದಾರನೂ ಇದೇ ಸಂತಾಜಿಯ ಬಂದೂಕುಗಾರರ ಗುಂಡಿಗೆ ಬಲಿಯಾದನು. ದಖ್ಖನಿನ ಯುದ್ಧಗಳಲ್ಲಿ ಮೊಗಲರ ಮಾನಕ್ಕೆ ಇಂತಹ ಪೆಟ್ಟು ಬಿದ್ದ ಚಳಿಗಾಲ ಬೇರೊಂದಿರಲಾರದು.

ಕೊಂಡುಕೊಂಡ ಬಿರುದು

ಸಿರಾದ ಸುಬಾ ಮಾತ್ರ ಈ ಪೆಟ್ಟಿನಿಂದ ಅಳಿಯಲಿಲ್ಲ. ಸುಬೇದಾರರು ಬಂದರು, ಹೋದರು. ಅವರಲ್ಲಿ ದಿಲಾವರ್‌ಖಾನನ ಹೆಸರು ಹೆಚ್ಚು ಪ್ರಸಿದ್ಧ. ಅವನು ಸಿರಾದಲ್ಲಿ ಕಟ್ಟಿಸಿದ ಅರಮನೆಯ ಮಾದರಿಯಲ್ಲಿಯೇ ಮುಂದೆ ಬೆಂಗಳೂರು ಶ್ರೀರಂಗಪಟ್ಟಣಗಳ ಅರಮನೆಗಳು ಎದ್ದವೆಂದು ಹೇಳುತ್ತಾರೆ. ಆದರೆ ದಿಲ್ಲಿಯ ಬಲ ಕುಂದಿದಂತೆಲ್ಲ ಸಿರಾದ ಬಲವೂ ಕುಂದಿತು. 1757ರಲ್ಲಿ ಪಟ್ಟಣ ಮರಾಠರ ವಶವಾಯಿತು. ಆ ಮೇಲೆ ಅದು ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಹೋಗುವ ಚೆಂಡಾಯಿತು.

1761ರಲ್ಲಿ ನಿಜಾಮನ ಸೋದರನಾದ ಬಸಾಲತ್ ಜಂಗನು ಹೊಸಕೋಟೆಯನ್ನು ಮುತ್ತಿ, ಅದನ್ನು ಗೆಲ್ಲಲಾಗದೆ ಕುಳಿತಿದ್ದನು. ಅವನ ಕೈಯಲ್ಲಿ ಹಣವಿರಲಿಲ್ಲ. ಆಗ ತಾನೆ ಮೈಸೂರಿನ ಸರ್ವಾಧಿಕಾರಿಯಾಗಿ ಏಳುತ್ತಿದ್ದ ಹೈದರಾಲಿಯ ಕೈಯಲ್ಲಿ ಹಣವಿತ್ತು, ಬಿರುದು ಇರಲಿಲ್ಲ. ಮೂರು ಲಕ್ಷ ರೂಪಾಯಿಗಳ ನಜರಾಣೆಗೆ ಬಸಾಲತ್ ಜಂಗನು ಅವನಿಗೆ ಸಿರಾದ ನವಾಬಗಿರಿಯನ್ನು ದಯಪಾಲಿಸಿದನು. ಸ್ವಾರಸ್ಯವೆಂದರೆ, ಹಾಗೆ ದಯಪಾಲಿಸಿದಾಗ ಸಿರಾ ಕೊಟ್ಟವನ ಕೈಯಲ್ಲಿಯೂ ಇರಲಿಲ್ಲ, ಕೊಂಡವನ ಕೈಯಲ್ಲಿಯೂ ಇರಲಿಲ್ಲ. ಅದು ಮರಾಠರ ವಶದಲ್ಲಿತ್ತು! ಆದರೆ ಹೈದರನು ಕಾಗದದ ಮೇಲಿನ ಹಕ್ಕನ್ನು ನೆಲದ ಮೇಲಿನ ಹಕ್ಕನ್ನಾಗಿ ಮಾಡಿಕೊಳ್ಳಬಲ್ಲ ಪುರುಷ. ಹೊಸಕೋಟೆಯನ್ನು ಹಿಡಿದ ತರುವಾಯ ಸಿರಾವೂ ಬಿದ್ದಿತು. ಅಲ್ಲಿಂದ ಮುಂದೆ ಅವನು ನವಾಬ ಹೈದರಾಲಿಖಾನ್ ಬಹದ್ದೂರ್.

ಈ ಬಿರುದಿನ ಬಲದಿಂದ ಅವನು ಸಿರಾ ಸುಬಾದ ಹಳೆಯ ಪಾಳೆಯಗಾರರನ್ನೆಲ್ಲ ಪೊಗದಿ ಕೇಳತೊಡಗಿದನು. ಚಿಕ್ಕಬಳ್ಳಾಪುರ, ಪೆನುಕೊಂಡೆ, ರಾಯದುರ್ಗ, ಹರಪನಹಳ್ಳಿ, ಚಿತ್ರದುರ್ಗಗಳು ಒಂದಾದ ಮೇಲೊಂದು ಬಾಗಿದವು. 1763ರಲ್ಲಿ ಬಿದನೂರಿನ ಸಂಸ್ಥಾನವೇ ಅವನ ಕೈಸೇರಿತು. ಅಲ್ಲಿನ ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಪುತ್ರನನ್ನೂ ಸೆರೆಹಿಡಿದು, ದೂರದ ಮಧುಗಿರಿಯ ಬಂಡೆಯ ಮೇಲೆ ಇರಿಸಿದನು. ಮಲೆನಾಡಿನ ಅಡಕೆಯ ತೋಟಗಳ ತಂಪಿನಲ್ಲಿ ಬಾಳಿದ ರಾಣಿಗೆ ಆ ಬಿಸಿಬಂಡೆಯ ಕೋಟೆಯಲ್ಲಿ ಸುಮಾರು ನಾಲ್ಕು ವರ್ಷಗಳ ವಾಸ ಪ್ರಾಪ್ತವಾಯಿತು.

ಒಡೆದ ಏರಿಗಳು

ಹೈದರನ ಏಳಿಗೆಯನ್ನು ಪುಣೆಯಲ್ಲಿ ತರುಣ ಪೇಷ್ವೆ ಮಾಧವರಾಯನು ಕಣ್ಣಿಟ್ಟು ನೋಡುತ್ತಿದ್ದನು. 1764–65ರ ದಂಡಯಾತ್ರೆಯಲ್ಲಿ ಒಮ್ಮೆ ಅವನು ಹೈದರನಿಗೆ ತನ್ನ ಕೈಯ ಬಿರುಸನ್ನು ತೋರಿಸಿದ್ದನು. 1766ರ ಕೊನೆಯಲ್ಲಿ ಮತ್ತೊಂದು ಸಂಚು ಸಿದ್ಧವಾಯಿತು. ಹೈದರಾಬಾದಿನ ನಿಜಾಮ ಅಲಿ, ಮದರಾಸಿನ ಇಂಗ್ಲಿಷರು, ಪುಣೆಯ ಮರಾಠರು ಮೂವರೂ ಮೈಸೂರಿನ ಮೇಲೆ ಕಣ್ಣಿಟ್ಟಿದ್ದರು. ಆದರೆ ಉಳಿದಿಬ್ಬರು ಬರುವವರೆಗೆ ಕಾದು ಕುಳಿತರೆ ಲಾಭದಲ್ಲಿ ಪಾಲು ಕೊಡಬೇಕಾದೀತೆಂಬುದನ್ನು ಮಾಧವರಾಯನು ಬಲ್ಲನು. ಇಪ್ಪತ್ತೆರಡು ವರ್ಷವೂ ತುಂಬದ ಆ ಪೇಷ್ವೆಯು ಚಳಿಗಾಲದಲ್ಲಿಯೇ ಕೃಷ್ಣೆಯನ್ನು ದಾಟಿ, ಇತರರಿಗಿಂತ ಮುಂಚೆ ಮೈಸೂರಿನ ಗಡಿಯನ್ನು ಹೊಕ್ಕನು. ಪಂಚಾಂಗದ ಪ್ರಕಾರ ಅದು ವ್ಯಯ ಸಂವತ್ಸರ. ಸಿರಾ ಸೀಮೆಯ ಪಾಲಿಗೆ ಆ ಹೆಸರು ಅಕ್ಷರಶಃ ಸತ್ಯವಾಯಿತು.

ಬಯಲಿನಲ್ಲಿ ಮರಾಠರ ಕುದುರೆಪಡೆಯನ್ನು ಎದುರಿಸುವುದು ಕ್ಷೇಮವಲ್ಲವೆಂಬುದನ್ನು ಹಿಂದಿನ ಯುದ್ಧ ಹೈದರನಿಗೆ ಕಲಿಸಿತ್ತು. ಆದುದರಿಂದ ಅವನು ಬೇರೊಂದು ಉಪಾಯವನ್ನು ಹೂಡಿದನು. ಕುದುರೆಗೆ ಹುಲ್ಲು ಬೇಕು, ಹುರುಳಿ ಬೇಕು, ನೀರು ಬೇಕು. ಇವು ಮೂರೂ ಇಲ್ಲದಿದ್ದರೆ ಎಷ್ಟು ಸಾವಿರ ರಾವುತರಿದ್ದರೇನು? ಹೀಗೆ ಯೋಚಿಸಿ, ಶತ್ರು ಬರುವ ಹಾದಿಯಲ್ಲಿದ್ದ ಸ್ಥಳಾಧಿಕಾರಿಗಳಿಗೆಲ್ಲ ಅವನು ಕಟ್ಟಪ್ಪಣೆ ಹೊರಡಿಸಿದನು. ಮರಾಠರು ಸಮೀಪಿಸಿದೊಡನೆ ಕೆರೆಗಳ ಏರಿಗಳನ್ನು ಒಡೆಯಬೇಕು, ಬಾವಿಗಳಿಗೆ ವಿಷಹಾಲಿನ ಕಳ್ಳಿಯನ್ನು ಕಡಿದು ತುಂಬಬೇಕು, ಮೇವನ್ನೆಲ್ಲ ಸುಡಬೇಕು, ಧಾನ್ಯವನ್ನು ನೆಲದಲ್ಲಿ ಹೂಳಬೇಕು, ಹೆಂಗಸರು ಮಕ್ಕಳು ದನಕರುಗಳನ್ನು ಕಾಡಿಗೆ ಅಟ್ಟಬೇಕು.

ಈ ಅಪ್ಪಣೆಯ ಒಂದೊಂದು ಮಾತೂ ರೈತನ ಬಾಳಿನಲ್ಲಿ ಏನಾಗಿ ಪರಿಣಮಿಸಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ. ಧಾನ್ಯವನ್ನು ಹೂಳುವುದು ಅವನಿಗೆ ಹೊಸದಲ್ಲ. ರಾಗಿಯನ್ನು ಹಗೇವಿನಲ್ಲಿ ಇಟ್ಟು ಬಾಯಿ ಮುಚ್ಚಿದರೆ ಅದು ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಕಾಡಿಗೆ ಓಡುವುದೂ ಹೊಸದಲ್ಲ. ದಂಡು ಬಂತೆಂದರೆ ಗಂಟುಮೂಟೆ ಕಟ್ಟಿ ಬೆಟ್ಟ ಹತ್ತುವುದು ತಲೆತಲಾಂತರದ ರೂಢಿ. ಆದರೆ ಬಣವೆಗೆ ತನ್ನ ಕೈಯಿಂದಲೇ ಕೊಳ್ಳಿಯಿಡುವುದು, ತನ್ನ ಊರಿನ ಏರಿಗೆ ತಾನೇ ಗುದ್ದಲಿ ಹಾಕುವುದು ಬೇರೆಯ ಮಾತು. ಮಾಘಮಾಸದಲ್ಲಿ ಒಡೆದ ಕೆರೆಗೆ ಮತ್ತೆ ನೀರು ಬರಬೇಕಾದರೆ ಮುಂದಿನ ಮುಂಗಾರು ಹಿಂಗಾರುಗಳವರೆಗೆ ಕಾಯಬೇಕು. ಏರಿಯನ್ನು ಮತ್ತೆ ಕಟ್ಟದಿದ್ದರೆ ಆಗಲೂ ಬಾರದು. ದಂಡು ಹೋದ ಮೇಲೆ ದನಗಳನ್ನು ಕಾಡಿನಿಂದ ಹೊಡೆದು ತಂದರೂ ಅವುಗಳ ಬಾಯಿಗೆ ಏನನ್ನು ಹಾಕುವುದು? ರಾಜ್ಯವನ್ನು ಉಳಿಸಿಕೊಳ್ಳಲು ದೊರೆಯು ಹೂಡಿದ ತಂತ್ರದ ಬೆಲೆಯನ್ನು ತೆತ್ತವನು ಪ್ರಜೆ.

ಇಷ್ಟಾಗಿಯೂ ಆ ತಂತ್ರ ಫಲಿಸಲಿಲ್ಲ. ಮರಾಠರ ಪಡೆ ಒಂದೇ ದಾರಿಯಲ್ಲಿ ಬರುವ ಪಡೆಯಲ್ಲ. ನಾಡಿನ ಉದ್ದಗಲಕ್ಕೂ ಹರಡಿಕೊಂಡು ಬರುವ ಪ್ರವಾಹ. ಒಂದು ಊರಿನಲ್ಲಿ ಹುಲ್ಲಿಲ್ಲದಿದ್ದರೆ ಮತ್ತೊಂದು ಊರು. ಎಲ್ಲಿಯೂ ಇಲ್ಲದಿದ್ದರೆ ನೆಲದೊಳಗಿನ ಬೇರನ್ನೇ ಅಗೆದು ಕುದುರೆಗೆ ಹಾಕುವುದು ಅವರ ಅಭ್ಯಾಸ. ಕೆಲವು ದಿನಗಳ ಕಷ್ಟವನ್ನು ಕಂಡರೂ ಅವರು ಮುಂದುವರಿದೇ ಬಂದರು. 1695ರಲ್ಲಿ ಡೇರೆ ಪಾತ್ರೆಗಳ ಭಾರದಿಂದ ಕುಸಿದ ಮೊಗಲ್ ಸೈನ್ಯಕ್ಕೂ ಈ ಹಗುರವಾದ ಸೈನ್ಯಕ್ಕೂ ಇದ್ದ ಅಂತರ ಅದೇ. ಹಸಿವೆಯ ಆಯುಧ ಭಾರವಾದವನನ್ನು ಕೊಲ್ಲುತ್ತದೆ; ಹಗುರವಾದವನನ್ನು ತಡವರಿಸುವಂತೆ ಮಾತ್ರ ಮಾಡುತ್ತದೆ.

ಬಾಗಿಲು ತೆರೆದ ಭಾವಮೈದುನ

ಸಿರಾದ ರಕ್ಷಣೆಯನ್ನು ಹೈದರನು ಯಾರೋ ಕೂಲಿಯ ಕಿಲ್ಲೇದಾರನಿಗೆ ಒಪ್ಪಿಸಿರಲಿಲ್ಲ. ಅಲ್ಲಿದ್ದವನು ಮೀರ್ ಅಲಿ ರಜಾಖಾನ್. ಹೈದರನ ಪತ್ನಿಯ ಸೋದರ, ಟಿಪ್ಪುವಿನ ಸೋದರಮಾವ. ಒಳ್ಳೆಯ ಪಡೆಯನ್ನೂ ಅವನ ಕೈಗೆ ಕೊಟ್ಟಿದ್ದಿತು. ಸುಬಾದ ರಾಜಧಾನಿ, ತನ್ನ ನವಾಬಗಿರಿಗೆ ಹೆಸರು ಕೊಟ್ಟ ಪಟ್ಟಣ, ತನ್ನ ಮನೆಯವನ ಕಾವಲಿನಲ್ಲಿ ಭದ್ರವಾಗಿರುವುದೆಂದು ಹೈದರನು ನಂಬಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಆದರೆ 1767ರ ಫೆಬ್ರವರಿಯಲ್ಲಿ ಮಾಧವರಾಯನ ಸೈನ್ಯ ಸಿರಾದ ಮುಂದೆ ಬಂದು ನಿಂತಾಗ ಮೀರ್ ಅಲಿ ರಜಾಖಾನನು ಕಾದಾಡುವ ಬದಲು ಮಾತುಕತೆಗೆ ಇಳಿದನು. ಸಿರಾವನ್ನೂ ಅದಕ್ಕೆ ಸೇರಿದ ಸೀಮೆಯನ್ನೂ ಮರಾಠರಿಗೆ ಒಪ್ಪಿಸಿ, ಅದಕ್ಕೆ ಪ್ರತಿಯಾಗಿ ಗುರ್ರಂಕೊಂಡದ ಸೀಮೆಯನ್ನು ತನಗೆ ಪಡೆದುಕೊಂಡನು. ಗುರ್ರಂಕೊಂಡ ಅವನ ಮನೆತನಕ್ಕೆ ಹಿಂದಿನಿಂದ ಸಂಬಂಧಪಟ್ಟ ಸ್ಥಳ. ಪೇಷ್ವೆಗೆ ಬಯಸದೆ ಬಂದ ಭಾಗ್ಯ. ಹೈದರನಿಗೆ ಬಲಗೈ ಕತ್ತರಿಸಿದಂತಹ ಆಘಾತ. ಕೆರೆ ಬಾವಿಗಳನ್ನು ಕೆಡಿಸಿ ಶತ್ರುವಿಗೆ ಮುಚ್ಚಲೆತ್ನಿಸಿದ ಹಾದಿಯನ್ನು ಅವನ ಭಾವಮೈದುನನೇ ತೆರೆದುಕೊಟ್ಟನು. ಕಾಲಾಂತರದಲ್ಲಿ ಮೀರ್ ಅಲಿ ರಜಾಖಾನನು ಹೈದರನ ಸೇವೆಗೆ ಮರಳಿ ಬಂದನು. ಹೈದರನು ಅವನನ್ನು ಸೇರಿಸಿಕೊಂಡನು. ಆ ಕಾಲದ ರಾಜಕೀಯದಲ್ಲಿ ದ್ರೋಹಕ್ಕೂ ಕ್ಷಮೆಗೂ ಆಯುಷ್ಯ ಕಡಿಮೆ.

ಮಧುಗಿರಿಯ ಸೆರೆಯಾಳು

ಸಿರಾದಿಂದ ಮಧುಗಿರಿಗೆ ಹೆಚ್ಚು ದೂರವಿಲ್ಲ. ಆದರೆ ಸಿರಾದಂತೆ ಮಧುಗಿರಿಯು ಮಾತಿಗೆ ಮಣಿಯಲಿಲ್ಲ. ಹೈದರನು ಅದರ ಗೋಡೆಗಳನ್ನು ಬಲಪಡಿಸಿದ್ದನು. ಬುಡದ ಕೋಟೆಯನ್ನು ಹಿಡಿದರೂ ಮೇಲಿನ ಬಂಡೆಯನ್ನು ಹತ್ತಬೇಕಾದವನು ಒಂದಾದ ಮೇಲೊಂದು ಬಾಗಿಲನ್ನು ದಾಟಬೇಕು. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಎಂದು ಅವುಗಳಿಗೆ ಹೆಸರುಗಳು. ನಡುವೆ ಕಲ್ಲಿನ ದೊಣೆಗಳಲ್ಲಿ ನೀರಿದೆ. ಬುಡದಲ್ಲಿದ್ದವನಿಗೆ ಬಾಯಾರಿಕೆಯಾದರೂ ಮೇಲಿದ್ದವನಿಗೆ ಬಾಯಾರಿಕೆಯಿಲ್ಲ. ಇಂತಹ ದುರ್ಗದ ಮೇಲೆ ಮರಾಠರು ಲಗ್ಗೆಯಿಟ್ಟರು. ಮಾರ್ಚ್ ತಿಂಗಳ ಮೊದಲಲ್ಲಿ ಮಧುಗಿರಿ ಅವರ ಕೈಸೇರಿತು.

ಕೋಟೆಯೊಳಗೆ ಗೆದ್ದವರಿಗೆ ಸಿಕ್ಕ ಮುಖ್ಯ ವಸ್ತು ಹಣವಲ್ಲ. ಮರೆತುಹೋದ ಒಂದು ರಾಜ್ಯದ ರಾಣಿ. ಬಿದನೂರಿನ ವೀರಮ್ಮಾಜಿಯನ್ನೂ ಆಕೆಯ ದತ್ತುಪುತ್ರನನ್ನೂ ಮಾಧವರಾಯನು ಸೆರೆಯಿಂದ ಬಿಡಿಸಿದನು. ಕೆಳದಿಯ ಅರಸರು ಒಂದು ಕಾಲದಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯಕೊಟ್ಟವರು. ರಾಣಿ ಚೆನ್ನಮ್ಮಾಜಿಯು ಔರಂಗಜೇಬನ ಕೋಪವನ್ನೂ ಲೆಕ್ಕಿಸದೆ ಆ ಶರಣಾಗತನನ್ನು ರಕ್ಷಿಸಿದ್ದಳು. ಆ ಮನೆತನದ ಕೊನೆಯ ರಾಣಿಗೆ ಮರಾಠರಿಂದಲೇ ಬಿಡುಗಡೆ ದೊರೆತುದು ಇತಿಹಾಸದ ಒಂದು ಋಣಸಂದಾಯದಂತೆ ಕಾಣುತ್ತದೆ.

ಆದರೆ ಬಿಡುಗಡೆಯ ಸುಖ ಆಕೆಗೆ ಒದಗಲಿಲ್ಲ. ಪುಣೆಗೆ ಹೋಗುವ ದಾರಿಯಲ್ಲಿಯೇ ವೀರಮ್ಮಾಜಿಯು ತೀರಿಕೊಂಡಳು. ಬಿದನೂರಿನ ಸಿಂಹಾಸನವನ್ನು ಆ ವಂಶದವರು ಮತ್ತೆ ಏರಲಿಲ್ಲ. ನಾಲ್ಕು ವರ್ಷ ಬಂಡೆಯ ಮೇಲಿನಿಂದ ಕೆಳಗಿನ ಬಯಲನ್ನು ನೋಡುತ್ತಿದ್ದವಳಿಗೆ, ಬೆಟ್ಟವಿಳಿದ ಮೇಲೆ ದೊರೆತುದು ಕೆಲವೇ ದಿನಗಳ ಸ್ವಾತಂತ್ರ್ಯ.

ಅಪ್ಪಾಜಿರಾಮನ ಜಾಣ್ಮೆ

ಸಿರಾ ಹೋಯಿತು, ಮಧುಗಿರಿ ಹೋಯಿತು. ಬೆನ್ನಹಿಂದೆ ನಿಜಾಮನೂ ಇಂಗ್ಲಿಷರೂ ಬರುತ್ತಿದ್ದರು. ಇನ್ನು ತಡಮಾಡಿದರೆ ಮೂವರೂ ಒಟ್ಟಿಗೆ ಶ್ರೀರಂಗಪಟ್ಟಣದ ಬಾಗಿಲಲ್ಲಿ ನಿಲ್ಲುವರೆಂಬುದನ್ನು ಕಂಡ ಹೈದರನು, ಅಪ್ಪಾಜಿರಾಮನೆಂಬ ಬ್ರಾಹ್ಮಣ ವಕೀಲನನ್ನು ಪೇಷ್ವೆಯ ಪಾಳೆಯಕ್ಕೆ ಕಳುಹಿಸಿದನು. ಮಾತಿನಲ್ಲಿ ಚತುರ, ಹಾಸ್ಯದಲ್ಲಿ ನಿಪುಣ, ಎಂತಹ ಸಭೆಯಲ್ಲಿಯೂ ಎದೆಗುಂದದವನು ಎಂದು ಅವನ ಖ್ಯಾತಿ.

ಆ ದರ್ಬಾರಿನಲ್ಲಿ ನಡೆದುದಾಗಿ ಹೇಳುವ ಪ್ರಸಂಗವೊಂದನ್ನು ಮೈಸೂರಿನ ಚರಿತ್ರೆಯನ್ನು ಬರೆದ ಕರ್ನಲ್ ವಿಲ್ಕ್ಸನು ದಾಖಲಿಸಿದ್ದಾನೆ. ಮೈಸೂರಿನ ನಿಜವಾದ ಒಡೆಯನನ್ನು ಅರಮನೆಯಲ್ಲಿ ಕೂಡಿಹಾಕಿ ಸೇವಕನಾದ ಹೈದರನು ರಾಜ್ಯವಾಳುತ್ತಿರುವನೆಂದೂ, ರಾಜನಿಗೆ ರಾಜ್ಯವನ್ನು ಒಪ್ಪಿಸದ ಹೊರತು ಸಂಧಿಯ ಮಾತಿಲ್ಲವೆಂದೂ ಪೇಷ್ವೆಯ ಕಡೆಯಿಂದ ಆಕ್ಷೇಪಣೆ ಬಂದಿತು. ಅಪ್ಪಾಜಿರಾಮನು ಬಹು ವಿನಯದಿಂದ ಅದನ್ನು ಒಪ್ಪಿಕೊಂಡನು. ದೊಡ್ಡವರು ದಾರಿ ತೋರಿಸಿದರೆ ತನ್ನ ಒಡೆಯನು ಒಡನೆಯೇ ಅದೇ ದಾರಿಯಲ್ಲಿ ನಡೆಯುವನೆಂದು ಬಿನ್ನವಿಸಿದನು. ಸಾತಾರೆಯಲ್ಲಿ ಶಿವಾಜಿಯ ವಂಶದ ರಾಜನು ಹೆಸರಿಗೆ ಮಾತ್ರ ರಾಜನಾಗಿ ಕುಳಿತಿರುವುದನ್ನೂ, ರಾಜ್ಯವಾಳುವವನು ಅವನ ಮಂತ್ರಿಯಾದ ಪೇಷ್ವೆಯೆಂಬುದನ್ನೂ ಅರಿಯದವರು ಸಭೆಯಲ್ಲಿ ಒಬ್ಬರೂ ಇರಲಿಲ್ಲ. ಸಭಾಸದರು ನಗುವನ್ನು ತಡೆದುಕೊಳ್ಳಲು ಪಾಡುಪಟ್ಟರು. ಮಾಧವರಾಯನು ತಲೆತಗ್ಗಿಸಿದನು. ಆ ಷರತ್ತಿನ ಮಾತು ಮತ್ತೆ ಬರಲಿಲ್ಲ.

ಕೊನೆಗೆ ಮೂವತ್ತೈದು ಲಕ್ಷ ರೂಪಾಯಿಗಳಿಗೆ ಸಂಧಿಯಾಯಿತು. ಅರ್ಧ ಹಣ ಕೂಡಲೆ. ಉಳಿದರ್ಧಕ್ಕೆ ಕೋಲಾರದ ಸೀಮೆಯ ಒತ್ತೆ. ಹಣ ಸಂದಾಯವಾದ ಮೇಲೆ ಪೇಷ್ವೆಯು ಉತ್ತರಕ್ಕೆ ಹಿಂದಿರುಗಿದನು. ತಡವಾಗಿ ಬಂದ ನಿಜಾಮನಿಗೆ ಸಿಕ್ಕಿದುದು ಒಕ್ಕಿ ಮುಗಿದ ಕಣ ಮಾತ್ರ. ಹೈದರನು ಅವನನ್ನೂ ತನ್ನ ಕಡೆಗೆ ಒಲಿಸಿಕೊಂಡು, ಅದೇ ವರ್ಷ ಇಂಗ್ಲಿಷರ ಮೇಲೆ ತಿರುಗಿಬಿದ್ದನು. ಮೊದಲನೆಯ ಮೈಸೂರು ಯುದ್ಧವೆಂದು ಪಠ್ಯಪುಸ್ತಕಗಳಲ್ಲಿ ಬರುವುದು ಅದೇ. ಆ ದೊಡ್ಡ ಯುದ್ಧದ ಪ್ರಸಿದ್ಧಿಯಲ್ಲಿ ಸಿರಾ ಮಧುಗಿರಿಗಳ ಚಳಿಗಾಲ ಮರೆಯಾಯಿತು.

ಉಳಿದ ಲೆಕ್ಕ

ಸೀಮೆಯ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. 1770ರಲ್ಲಿ ಮಾಧವರಾಯನು ಮತ್ತೆ ಬಂದನು. ತುಮಕೂರಿನ ದಾರಿಯ ನಿಜಗಲ್ಲಿನ ಕೋಟೆಯನ್ನು ದೀರ್ಘಕಾಲದ ಮುತ್ತಿಗೆಯ ಬಳಿಕ ಚಿತ್ರದುರ್ಗದವರ ಸಹಾಯದಿಂದ ಹತ್ತಿದನು. 1772ರಲ್ಲಿ ಆ ಸಮರ್ಥ ಪೇಷ್ವೆಯು ಇನ್ನೂ ತಾರುಣ್ಯದಲ್ಲಿಯೇ ಕಾಲವಶನಾದನು. 1774ರಲ್ಲಿ ಹೈದರನ ಪರವಾಗಿ ಟಿಪ್ಪುವು ಸಿರಾವನ್ನು ಮರಳಿ ಗೆದ್ದನು. ಮುಂದೆ ಶ್ರೀರಂಗಪಟ್ಟಣದ ಬಳಿಯಲ್ಲಿ ಶಹರ್ ಗಂಜಾಮನ್ನು ಕಟ್ಟಿದಾಗ ಅದನ್ನು ತುಂಬಲು ಸಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಎಬ್ಬಿಸಿ ಸಾಗಿಸಿದನೆಂದು ಹೇಳುತ್ತಾರೆ. ದಂಡುಗಳು ಬರಿದುಮಾಡಿದ ಪಟ್ಟಣವನ್ನು ಒಡೆಯನ ಅಪ್ಪಣೆ ಇನ್ನಷ್ಟು ಬರಿದುಮ���ಡಿತು. 1800ರಲ್ಲಿ ಈ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕಂಡದ್ದು ಹಿಂದಿನ ವೈಭವದ ನೆನಪುಗಳನ್ನೂ ಮುಂದಿದ್ದ ಹಾಳುಗೋಡೆಗಳನ್ನೂ.

ಈ ಎರಡು ಚಳಿಗಾಲಗಳ ಕಥೆಯಲ್ಲಿ ಶೌರ್ಯವಿದೆ, ತಂತ್ರವಿದೆ, ದ್ರೋಹವಿದೆ, ಜಾಣ್ಮೆಯಿದೆ. ಸಂತಾಜಿ, ಖಾಸಿಂಖಾನ್, ಹೈದರ್, ಮಾಧವರಾಯರ ಹೆಸರುಗಳು ಗ್ರಂಥಗಳಲ್ಲಿ ಉಳಿದಿವೆ. ಆದರೆ ದೊಡ್ಡೇರಿಯಲ್ಲಿ ಸೂರಿನ ಹುಲ್ಲನ್ನು ಕಳೆದುಕೊಂಡ ಮನೆಯವರ ಹೆಸರು, ಸಿರಾ ಸೀಮೆಯಲ್ಲಿ ತನ್ನ ಕೆರೆಯ ಏರಿಯನ್ನು ತಾನೇ ಒಡೆದ ರೈತನ ಹೆಸರು ಎಲ್ಲಿಯೂ ಉಳಿದಿಲ್ಲ. ಅವನು ಮಾಡಿದ ಕೆಲಸ ಮಾತ್ರ ಉಳಿದಿದೆ. ದಂಡು ಹೋದ ಮೇಲೆ ಕಾಡಿನಿಂದಿಳಿದು, ಹಗೇವಿನ ಬಾಯಿ ತೆರೆದು, ಉಳಿದ ರಾಗಿಯನ್ನು ಬಿತ್ತನೆಗೂ ಹೊಟ್ಟೆಗೂ ಪಾಲುಮಾಡಿ, ಒಡೆದ ಏರಿಗೆ ಮತ್ತೆ ಮಣ್ಣು ಹೊತ್ತವನು ಅವನು. ಮಧುಗಿರಿಯ ಬೆಟ್ಟದ ಮೇಲಿನ ಕೋಟೆ ಇಂದು ಬರಿಯ ನೋಟದ ವಸ್ತು. ಅದರ ಬುಡದ ಬಯಲಿನಲ್ಲಿ ಬೆಳೆ ಇನ್ನೂ ಬೆಳೆಯುತ್ತಿದೆ. ಈ ಸೀಮೆಯ ಯುದ್ಧಗಳಲ್ಲಿ ಕಟ್ಟಕಡೆಗೆ ಗೆದ್ದವರು ಯಾರೆಂದು ಕೇಳಿದರೆ, ಆ ಹೊಲಗಳತ್ತ ಬೆರಳು ತೋರಿಸಬೇಕಾಗುತ್ತದೆ.